ಮಕ್ಕಳ ಆಟವೂ ನಮ್ಮ ಬೇಸಾಯವೂ



ನಿಮ್ಮ ಬೀದಿಯಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದು ಮರಳಿನ ಗುಡ್ಡೆ ಬಿದ್ದಿದ್ದರೆ, ಇಂದು ಸಂಜೆ ಅಲ್ಲಿ ಆಡುವ ಮಕ್ಕಳನ್ನು ಒಂದು ಗಳಿಗೆ ನಿಂತು ನೋಡಿರಿ. ಐದಾರು ವರ್ಷದ ಹುಡುಗನೊಬ್ಬ ಮುರುಕು ಇಟ್ಟಿಗೆಯನ್ನು ಹಿಡಿದು, ಬಾಯಲ್ಲಿ ಗುರ್ರೆಂದು ಸದ್ದು ಮಾಡುತ್ತಾ ಮರಳು ಬಗೆಯುತ್ತಿರುತ್ತಾನೆ. ಏನಪ್ಪಾ ಅದು ಎಂದು ಕೇಳಿದರೆ 'ಜೆಸಿಬಿ' ಎನ್ನುತ್ತಾನೆ. ನಲವತ್ತು ಐವತ್ತು ವರ್ಷಗಳ ಕೆಳಗೆ ಅವನ ತಾತ ಅದೇ ವಯಸ್ಸಿನಲ್ಲಿ, ಅದೇ ಬೀದಿಯಲ್ಲಿ ಕುಳಿತು ಜೋಳದ ದಂಟಿನ ಗಾಡಿಗೆ ಮಣ್ಣಿನ ಎತ್ತು ಹೂಡಿ 'ಹೈ ಹೈ' ಎನ್ನುತ್ತಿದ್ದ. ಹುಡುಗರು ಅಂದಿನವರೇ. ಅವರ ಕಣ್ಣಿಗೆ ಬೀಳುವ ಕೆಲಸ ಬೇರೆಯಾಗಿದೆ, ಅಷ್ಟೆ. ಮಕ್ಕಳು ತಾವು ಕಂಡದ್ದನ್ನು ಆಡುತ್ತಾರೆ, ಕಾಣದ್ದನ್ನು ಆಡಲಾರರು.

ಬೂವನಹಳ್ಳಿಯ ಸುತ್ತಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹಾಸನದ ವಿಮಾನ ನಿಲ್ದಾಣಕ್ಕೆಂದು ಆ ಕಡೆಯ ನೂರಾರು ಎಕರೆ ಭೂಮಿ ಹೋಯಿತು. ೨೦೦೭ರಲ್ಲಿ ಅಡಿಗಲ್ಲು ಬಿದ್ದು, ಕೆಲಸ ವರ್ಷಗಟ್ಟಲೆ ನಿಂತು, ಮತ್ತೆ ಹೊರಟಿತು. ಹೊಲವಿದ್ದ ಕಡೆ ಬೇಲಿಯನ್ನು ಕಂಡು ಬೆಳೆದ ಮಗು ವಿಮಾನದ ಆಟವಾಡಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊಲ ಇನ್ನೂ ಉಳಿದಿರುವ ಮನೆಗಳಲ್ಲೂ ಮಕ್ಕಳ ಆಟದಿಂದ ಹೊಲ ಬಿಟ್ಟುಹೋಗುತ್ತಿದೆಯಲ್ಲ, ಇದು ಯೋಚಿಸತಕ್ಕ ವಿಷಯ.

ನಾನು ಇಲ್ಲಿ ಹೇಳಹೊರಟಿರುವುದು ಇಷ್ಟೆ. ಬೇಸಾಯವನ್ನು ನಮ್ಮಲ್ಲಿ ಯಾರೂ ಪಾಠ ಹೇಳಿಸಿಕೊಂಡು ಕಲಿಯಲಿಲ್ಲ. ಮೊದಲು ಆಟದಲ್ಲಿ ಕಲಿತು, ಆಮೇಲೆ ಕೆಲಸದಲ್ಲಿ ತಿದ್ದಿಕೊಂಡೆವು. ಆ ಆಟ ಹಿಂದೆ ತಾನಾಗಿಯೇ ನಡೆಯುತ್ತಿತ್ತು. ದೊಡ್ಡವರು ಅದಕ್ಕಾಗಿ ಒಂದು ಕಾಸನ್ನೂ ಒಂದು ಗಳಿಗೆಯನ್ನೂ ಕೊಡಬೇಕಾಗಿರಲಿಲ್ಲ. ಈಗ ತಾನಾಗಿ ನಡೆಯುವುದಿಲ್ಲ. ನಾವು ಸ್ವಲ್ಪ ಜಾಗ, ಸ್ವಲ್ಪ ಹೊತ್ತು ಕೊಟ್ಟರೆ ನಡೆದೀತು.

ಜೋಳದ ದಂಟಿನ ಗಾಡಿಯನ್ನೇ ತೆಗೆದುಕೊಳ್ಳಿ. ಒಣಗಿದ ದಂಟಿನ ಸಿಪ್ಪೆಯನ್ನು ಸೀಳಿ ಕಡ್ಡಿ ಮಾಡಿಕೊಂಡು, ಒಳಗಿನ ಬೆಂಡನ್ನು ತುಂಡರಿಸಿ, ಬೆಂಡಿಗೆ ಕಡ್ಡಿ ಚುಚ್ಚಿ ಚೌಕಟ್ಟು ಕಟ್ಟುತ್ತಿದ್ದೆವು. ಅಚ್ಚು, ಗುಂಬ, ಮೂಕಿ, ನೊಗ, ಕಡಾಣಿ ಎಲ್ಲವೂ ಇರಲೇಬೇಕು. ಒಂದು ಬಿಟ್ಟುಹೋದರೂ ಜೊತೆಯ ಹುಡುಗರು ನಗುತ್ತಿದ್ದರು. ಗಾಡಿಯ ಮೇಲೆ ಹಿಡಿ ಮಣ್ಣು ಹೇರಿ ಎಳೆದರೆ, ಹಿಂದಕ್ಕೆ ಭಾರ ಹೆಚ್ಚಾದಾಗ ಮೂಕಿ ಮೇಲಕ್ಕೇಳುತ್ತಿತ್ತು. ಮುಂದಕ್ಕೆ ಹೆಚ್ಚಾದರೆ ನೆಲ ಕಚ್ಚುತ್ತಿತ್ತು. ಹತ್ತು ವರ್ಷ ಕಳೆದು ನಿಜವಾದ ಗಾಡಿಗೆ ಗೊಬ್ಬರ ಹೇರುವಾಗ, ಹಿಂಭಾರವಾದರೆ ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ. ಕೈಗೆ ಅದು ಆಗಲೇ ಗೊತ್ತಿತ್ತು. ನೇಗಿಲಿನ ಈಸು, ಮೇಳಿ, ಗುಳ ಎಂಬ ಮಾತುಗಳೂ ಹೀಗೆಯೇ ಬಾಯಿಗೆ ಬಂದವು. ಇಂದು ಎಂಟನೆಯ ತರಗತಿಯ ಹುಡುಗನನ್ನು ಮೇಳಿ ಎಂದರೇನೆಂದು ಕೇಳಿ ನೋಡಿ. ಟ್ರ್ಯಾಕ್ಟರು ಬಂದ ಮೇಲೆ ಮೇಳಿ ಏತಕ್ಕೆ ಎನ್ನುವಿರೇನೋ! ಸರಿ, ಹಾಗಾದರೆ ರೋಟವೇಟರು ಎಷ್ಟು ಆಳ ಹೋಗಬೇಕು, ಒದ್ದೆ ನೆಲದಲ್ಲಿ ಹೊಡೆದರೆ ಏನಾಗುತ್ತದೆ ಎಂಬುದನ್ನಾದರೂ ಅವನು ಬಲ್ಲನೇ?

ಅಳಗುಳಿ ಮಣೆಯನ್ನು ಹೆಂಗಸರ ಹೊತ್ತು ಕಳೆಯುವ ಆಟವೆಂದು ನಾವು ಗಂಡಸರು ಉದಾಸೀನ ಮಾಡಿದೆವು. ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಗುಳಿಗೆ ನಾಲ್ಕೋ ಐದೋ ಹುಣಿಸೆಬೀಜ. ಒಂದು ಗುಳಿಯ ಬೀಜವನ್ನೆಲ್ಲಾ ಬಾಚಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಇದು ಬಿತ್ತನೆಯಲ್ಲದೆ ಮತ್ತೇನು? ಆಫ್ರಿಕಾ ಖಂಡದಲ್ಲೂ ಇದೇ ಜಾತಿಯ ಆಟಗಳುಂಟು. ಅವನ್ನು ಕುರಿತು ಬರೆಯುವ ವಿದ್ವಾಂಸರು ಹೀಗೆ ಬೀಜ ಹಾಕುವ ಕ್ರಮವನ್ನು 'ಬಿತ್ತುವುದು' ಎಂದೇ ಕರೆಯುತ್ತಾರೆ. ತಮಿಳುನಾಡಿನ ಪಲ್ಲಾಂಗುಳಿಯಲ್ಲಿ ಒಂದು ಗುಳಿಯಲ್ಲಿ ನಾಲ್ಕು ಬೀಜ ಕೂಡಿದರೆ ಅದಕ್ಕೆ 'ಪಸು', ಎಂದರೆ ಹಸು, ಎಂದು ಹೆಸರು. ಈಗಲೇ ಎಲ್ಲವನ್ನೂ ಬಾಚಬೇಕೋ, ಮುಂದಿನ ಸುತ್ತಿಗೆ ಉಳಿಸಬೇಕೋ ಎಂದು ಲೆಕ್ಕ ಹಾಕುವ ಮಗು ಕಣಜದ ಲೆಕ್ಕವನ್ನೇ ಹಾಕುತ್ತಿದೆ. ನಮ್ಮ ತಾಯಂದಿರು ಬಿತ್ತನೆಗೆ ಇಷ್ಟು, ಊಟಕ್ಕೆ ಇಷ್ಟು, ಮಾರಾಟಕ್ಕೆ ಇಷ್ಟು ಎಂದು ಕಣ್ಣಳತೆಯಲ್ಲೇ ತೆಗೆದಿಡುತ್ತಿದ್ದರಲ್ಲ, ಅದಕ್ಕೆ ಯಾವ ಕಾಗದ ಪೆನ್ಸಿಲು ಇತ್ತು?

ಆಡು-ಹುಲಿ ಆಟವೂ ಹಾಗೆಯೇ. ಹಳೆಯ ದೇವಸ್ಥಾನಗಳ ಜಗಲಿಯ ಕಲ್ಲಿನ ಮೇಲೆ ಅದರ ಗೆರೆಗಳನ್ನು ನೀವೂ ಕಂಡಿರಬಹುದು. ಹುಲಿಗಳು ಮೂರೋ ನಾಲ್ಕೋ, ಆಡುಗಳು ಹದಿನೈದರ ಸುಮಾರು. ಆಡು ಒಂಟಿಯಾಗಿ ನಿಂತರೆ ಹುಲಿ ಹಾರಿ ತಿನ್ನುತ್ತದೆ. ಒಂದರ ಬೆನ್ನಿಗೆ ಒಂದು ನಿಂತರೆ ಹುಲಿಗೆ ದಾರಿಯಿಲ್ಲ. ದನಕುರಿ ಕಾಯುವವನು ತಿಳಿದಿರಬೇಕಾದ ಮೊದಲ ಮಾತೇ ಇದು. ಈಗಲೂ ನಮ್ಮ ಜಿಲ್ಲೆಯಲ್ಲಿ ಚಿರತೆಯ ಕಾಟ ತಪ್ಪಿಲ್ಲವಾದ್ದರಿಂದ ಇದು ಬರಿಯ ಹಳೆಯ ಕಥೆಯೂ ಅಲ್ಲ. ಚಿನ್ನಿದಾಂಡಿನಲ್ಲಿ ಚಿನ್ನಿ ಬಿದ್ದ ದೂರವನ್ನು ದಾಂಡಿನಿಂದಲೇ ಅಳೆದು ಎಣಿಸುತ್ತಿದ್ದೆವು. ಜಮೀನು ಅಳೆಯುವ ಕೋಲನ್ನು ಕಂಡಾಗ ನಮಗೆ ಅದು ಹೊಸದೆನ್ನಿಸಲಿಲ್ಲ.

ಇನ್ನು ಹಬ್ಬಗಳು. ಯುಗಾದಿಯ ಹೊತ್ತಿಗೆ ಹೊನ್ನಾರು ಹೂಡುವಾಗ ಚಿಕ್ಕ ಹುಡುಗರು ನೇಗಿಲ ಹಿಂದೆ ಓಡುತ್ತಿದ್ದರು. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವಾಗ ಕೋಡಿಗೆ ಬಣ್ಣ ಬಳಿಯುವ ಕೆಲಸ ಮಕ್ಕಳದೇ. ಮಳೆ ಹಿಂದೆಗೆದ ವರ್ಷ ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲಿಟ್ಟು, ಹುಡುಗನೊಬ್ಬ ತಲೆಯ ಮೇಲೆ ಹೊತ್ತು ಮನೆಮನೆಗೂ ಹೋದರೆ, ಮನೆಯಾಕೆ ಒಂದು ಕೊಡ ನೀರು ಸುರಿಯುವಳು. ಇದರಿಂದ ಮಳೆ ಬರುತ್ತದೆಯೇ ಎಂಬ ಚರ್ಚೆ ಇಲ್ಲಿ ಬೇಡ. ಮಳೆ ಬಾರದಿದ್ದರೆ ಊರಿಗೆಲ್ಲಾ ಕಷ್ಟ ಎಂಬುದು ಏಳು ವರ್ಷದ ಹುಡುಗನ ನೆತ್ತಿಗೆ ತಣ್ಣಗೆ ತಟ್ಟುತ್ತಿತ್ತು. ಧಾರವಾಡ, ವಿಜಯಪುರ, ಬೆಳಗಾವಿಯ ಕಡೆ ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತಿನ ಅಮಾವಾಸ್ಯೆಯೆಂದೇ ಹೆಸರು. ಅಲ್ಲಿ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಮುಂಗಾರಿನ ಕೆಲಸ ಹತ್ತಿಕೊಳ್ಳುವ ಕಾಲದಲ್ಲಿ ಮಗುವಿನ ಕೈಗೆ ಮಣ್ಣನ್ನೂ ಎತ್ತನ್ನೂ ಒಟ್ಟಿಗೆ ಕೊಟ್ಟವರು ಜಾಣರೇ ಸರಿ.

ಇವೆಲ್ಲಾ ಏಕೆ ಸಡಿಲವಾದವು? ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಎತ್ತು ಕಡಿಮೆಯಾಯಿತು, ಟ್ರ್ಯಾಕ್ಟರು ಬಂತು. ಊರ ಕಣ ಹೋಗಿ ರಾಗಿಯ ಒಕ್ಕಣೆ ಡಾಂಬರು ರಸ್ತೆಗೆ ಬಂತು, ಇಲ್ಲವೇ ಯಂತ್ರದ ಬಾಯಿಗೆ ಹೋಯಿತು. ಬೆಳದಿಂಗಳಲ್ಲಿ ಮೆದೆಯ ಸುತ್ತ ಕಣ್ಣಾಮುಚ್ಚಾಲೆ ಆಡುವ ಮಾತೇ ಇಲ್ಲ. ಬೆಳಗ್ಗೆ ಎಂಟಕ್ಕೆ ಶಾಲೆಯ ವಾಹನ ಬಂದು ಮಗುವನ್ನು ಪಟ್ಟಣಕ್ಕೆ ಒಯ್ದರೆ ಸಂಜೆ ಐದಕ್ಕೆ ತಂದು ಬಿಡುತ್ತದೆ. ಆಮೇಲೆ ಮನೆಪಾಠ, ಮೊಬೈಲು. ಇವು ಕಾಲದ ಕಾರಣಗಳು. ಇವನ್ನು ಬೈದು ಪ್ರಯೋಜನವಿಲ್ಲ.

ಆದರೆ ಒಂದು ಕಾರಣ ನಮ್ಮ ಬಾಯಲ್ಲೇ ಇದೆ. 'ಓದದೆ ಹೋದರೆ ದನ ಕಾಯೋಕೆ ಹೋಗ್ತೀಯ ನೋಡು' ಎಂದು ಮಗುವನ್ನು ಗದರಿಸದ ಮನೆ ನಮ್ಮಲ್ಲಿ ಎಷ್ಟಿವೆ? ನಾನೂ ಗದರಿಸಿದವನೇ. ನಾವು ದಿನವೂ ಮಾಡುವ ಕೆಲಸವನ್ನು ನಾವೇ ಶಿಕ್ಷೆಯೆಂದು ಹೆಸರಿಟ್ಟು ಮಕ್ಕಳಿಗೆ ತೋರಿಸಿದೆವು. ಶಿಕ್ಷೆಯನ್ನು ಯಾವ ಮಗು ಆಟವಾಗಿ ಆಡೀತು? ದನ ಕಾಯುವುದೇನು ಸುಲಭದ ಕೆಲಸವೇ? ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನದ ಜಾತ್ರೆಗೆ ಹೋಗಿ ನೋಡಿ. ಹಳ್ಳಿಕಾರ್ ಹೋರಿಯ ಬಾಯಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ಕ್ಷಣದಲ್ಲಿ ಹೇಳಿ, ಕಾಲಿನ ನಡೆ, ಗೊರಸು, ಸುಳಿ ನೋಡಿ ಬೆಲೆ ಕಟ್ಟುವವನ ವಿದ್ಯೆ ಯಾವ ಪರೀಕ್ಷೆಗೂ ಕಡಿಮೆಯದಲ್ಲ. ಮಗುವನ್ನು ಒಂದು ಸಲವಾದರೂ ಆ ಜಾತ್ರೆಗೆ ಕರೆದುಕೊಂಡು ಹೋಗಿ. ವಾಪಸು ಬಂದ ಮೇಲೆ ನಾಯಿಯ ಬಾಯಿ ಬಿಡಿಸಿ ಹಲ್ಲೆಣಿಸಲು ಹೋದರೆ ಮಾತ್ರ ಎಚ್ಚರಿಕೆ!

'ನಮ್ಮ ಮಕ್ಕಳು ಓದಿ ನೌಕರಿಗೆ ಹೋಗಲಿ, ಅವರಿಗೇಕೆ ಬೇಸಾಯದ ಆಟ?' ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ಬೇಸಾಯದಲ್ಲಿ ಕಷ್ಟಪಟ್ಟವನು ಮಗ ಸುಖವಾಗಿರಲಿ ಎಂದು ಬಯಸುವುದು ಸಹಜವಷ್ಟೆ. ಓದಲಿ, ಬೆಂಗಳೂರಿಗೂ ಹೋಗಲಿ. ಆದರೆ ಜಮೀನು ಅವರ ಹೆಸರಿಗೇ ಬರುತ್ತದೆಯಲ್ಲ? ಇಂದು ಶುಂಠಿ ಬೆಳೆಯುವವರು ಬಂದು ಜಮೀನನ್ನು ಗುತ್ತಿಗೆಗೆ ಕೇಳುತ್ತಾರೆ. ಕೈತುಂಬ ಹಣ ಕೊಡುತ್ತಾರೆ. ಕೊಡಬೇಕೇ, ಎಷ್ಟು ವರ್ಷಕ್ಕೆ ಕೊಡಬೇಕು, ಬಿಟ್ಟುಕೊಡುವಾಗ ಮಣ್ಣು ಯಾವ ಸ್ಥಿತಿಯಲ್ಲಿರಬೇಕು, ಮುಂದೆ ಯಾವ ಬೆಳೆ ಹಾಕಬೇಕು ಎಂಬುದನ್ನು ನಿರ್ಧರಿಸುವವನು ಮಣ್ಣನ್ನು ಒಂದು ದಿನವೂ ಹಿಂಡಿ ನೋಡದವನಾದರೆ ಗತಿಯೇನು? ಹೆಣ್ಣುಮಕ್ಕಳ ವಿಷಯವೂ ಇದೇ. ೨೦೦೫ರ ತಿದ್ದುಪಡಿಯ ತರುವಾಯ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಹುಡುಗನಿಗೆ ಗಾಡಿ, ಹುಡುಗಿಗೆ ಮಡಕೆ ಕುಡಿಕೆ ಎಂದು ಆಟವನ್ನು ಭಾಗ ಮಾಡಿ ಕೊಡುವುದು ಇನ್ನು ಸಾಕು. ನಾಟಿ, ಕಳೆ, ಬೀಜದ ಜೋಪಾನ ಇವುಗಳಲ್ಲಿ ಹೆಚ್ಚಿನ ಪಾಲು ಎಂದಿಗೂ ಹೆಂಗಸರದೇ ಆಗಿತ್ತು.

ಈ ವಿಚಾರ ನಾವು ಮಾತ್ರ ಕಂಡುಕೊಂಡದ್ದೂ ಅಲ್ಲ. ೧೯೦೨ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಗ್ರಹಾಂ ಎಂಬ ಶಾಲಾ ಮೇಲ್ವಿಚಾರಕರು ರೈತರ ಮಕ್ಕಳನ್ನು ಸೇರಿಸಿ ಒಂದು ಸಂಘ ಮಾಡಿದರು. ಆ ಮಕ್ಕಳು ತಮ್ಮ ತಂದೆಯ ಹೊಲದ ಮಣ್ಣು ತಂದು ಅದು ಹುಳಿಯೇ ಎಂದು ಕಾಗದ ಅದ್ದಿ ನೋಡಿದರು. ಮುಸುಕಿನ ಜೋಳ ಬೆಳೆದರು. ಮುಂದೆ ಅದೇ ದೊಡ್ಡದಾಗಿ ಬೆಳೆದು 'ನಾಲ್ಕು ಎಚ್' ಎಂಬ ಹೆಸರು ಪಡೆಯಿತು. ನಮ್ಮ ದೇಶದಲ್ಲಿ ೧೯೩೭ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕವೇ ಪಾಠ ನಡೆಯಬೇಕೆಂದು ಹೇಳಿದರು. ೧೯೫೨ರ ಅಕ್ಟೋಬರ್ ೨ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಬ್ಲಾಕುಗಳಲ್ಲಿ ಯುವಕ ರೈತರ ಸಂಘಗಳು ಹುಟ್ಟಿದವು. ಇವೆಲ್ಲಾ ದೊಡ್ಡ ಏರ್ಪಾಡುಗಳು. ನಾನು ಹೇಳುವುದಕ್ಕೆ ಒಂದು ಮಾರು ಜಾಗ ಸಾಕು.

ಅದು ಹೀಗೆ. ಹಿತ್ತಿಲಲ್ಲೋ ಹೊಲದ ಅಂಚಿನಲ್ಲೋ ಒಂದು ಮಾರು ಉದ್ದ, ಒಂದು ಮಾರು ಅಗಲದ ಜಾಗವನ್ನು ಮಗುವಿಗೆ ಕೊಡಿ. ಕೊಟ್ಟ ಮೇಲೆ ಅದು ಮಗುವಿನದು. ಅಲ್ಲಿ ಏನು ಬಿತ್ತಬೇಕೆಂಬುದೂ ಮಗುವಿನ ಇಷ್ಟ. ಹುರುಳಿ, ಹೆಸರು, ಅಲಸಂದೆಯಾದರೆ ಮೂರು ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತದೆ; ಚಿಕ್ಕವರ ತಾಳ್ಮೆ ಅಷ್ಟೇ. ಸ್ವಲ್ಪ ದೊಡ್ಡ ಮಗುವಾದರೆ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಹಾಕಿ ಅಕ್ಕಡಿ ಸಾಲು ಮಾಡಲಿ. ರಾಗಿ ಮೊದಲು ಕೊಯ್ಲಿಗೆ ಬಂದು, ಅವರೆ ಆಮೇಲೂ ನಿಂತು ಹೂ ಬಿಡುವುದನ್ನು ಕಂಡರೆ, ಹಿರಿಯರು ಒಂದೇ ಹೊಲದಲ್ಲಿ ನಾಲ್ಕು ಬೆಳೆ ಏಕೆ ಇಟ್ಟರೆಂಬುದು ತಾನೇ ತಿಳಿಯುತ್ತದೆ.

ಜಾಗವೇ ಇಲ್ಲದವರು ಹಳೆಯ ಗೋಣಿಚೀಲದಲ್ಲಿ ಮಣ್ಣು ಗೊಬ್ಬರ ತುಂಬಿ ಒಂದು ಆಲೂಗಡ್ಡೆ ಇಡಬಹುದು. ಹಾಸನದ ಸೀಮೆಗೆ ಆಲೂಗಡ್ಡೆ ಎಂದರೆ ಮನೆಯ ಬೆಳೆ. ಪಂಜಾಬಿನ ಜಲಂಧರದ ಕಡೆಯಿಂದ ಬಿತ್ತನೆ ಗಡ್ಡೆ ಬಂದು, ಮುಂಗಾರಿನ ಮೊದಲ ಮಳೆಗೆ ಊರಿಗೆ ಊರೇ ನಾಟಿಗೆ ಇಳಿಯುತ್ತಿದ್ದುದು ನಿಮಗೆ ನೆನಪಿದ್ದೀತು. ಅಂಗಮಾರಿ ರೋಗದಿಂದ ಕೈಸುಟ್ಟುಕೊಂಡ ಎಷ್ಟೋ ಮಂದಿ ಮುಸುಕಿನ ಜೋಳಕ್ಕೆ ತಿರುಗಿದರು. ಮಗು ಎರಡು ಕಣ್ಣಿರುವ ಹೋಳು ಮಾಡಿಸಿಕೊಂಡು, ಕೊಯ್ದ ಮೈ ನೆರಳಿನಲ್ಲಿ ಆರಿದ ಮೇಲೆ ನೆಡಲಿ. ತಿಂಗಳಾದ ಮೇಲೆ ಬುಡಕ್ಕೆ ಮಣ್ಣು ಏರಿಸಲಿ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದಾಗ ಎಲೆಯ ಮೇಲೆ ಕಂದು ಮಚ್ಚೆ, ಎಲೆಯ ಅಡಿಯಲ್ಲಿ ಬೆಳ್ಳಗೆ ಬೂಷ್ಟು ಕಂಡರೆ ಅದೇ ಅಂಗಮಾರಿ. ನಿಮಗಿಂತ ಮೊದಲು ಅದು ಮಗುವಿನ ಕಣ್ಣಿಗೆ ಬೀಳುವುದುಂಟು. ಅದರ ಕಣ್ಣು ಗಿಡದ ಎತ್ತರದಲ್ಲೇ ಇರುತ್ತದೆ. ಸುಮಾರು ಮೂರು ತಿಂಗಳಿಗೆ ಚೀಲ ಕವುಚಿ ಗಡ್ಡೆ ಹುಡುಕುವ ಸಂತೋಷಕ್ಕೆ ಯಾವ ಮೊಬೈಲಿನ ಆಟವೂ ಸಮನಲ್ಲ.

ಇನ್ನೊಂದು ಆಟ ಮಳೆ ಅಳೆಯುವುದು. ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರುವ ಡಬ್ಬವೊಂದನ್ನು ಮರ, ಸೂರುಗಳಿಂದ ದೂರ ಬಯಲಿನಲ್ಲಿ ಅಲುಗದಂತೆ ಇಡಿಸಿ. ಬೆಳಗ್ಗೆ ಶಾಲೆಗೆ ಹೊರಡುವ ಮುನ್ನ ಮಗು ನೀರಿನ ಆಳವನ್ನು ಅಡಿಕೋಲಿನಿಂದ ಅಳೆದು, ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಲಿ. ನೀರು ಚೆಲ್ಲಿ ಡಬ್ಬವನ್ನು ಮತ್ತೆ ಇಡಲಿ. ಒಂದು ಸೆಂಟಿಮೀಟರು ಮಳೆ ಎಂದರೆ ಎಕರೆಗೆ ಸುಮಾರು ೪೦ ಸಾವಿರ ಲೀಟರು ನೀರು ಎಂದು ಲೆಕ್ಕ ಹೇಳಿಕೊಡಿ. ಆ ದಿನ ಯಾವ ಮಳೆಯ ನಕ್ಷತ್ರ ನಡೆಯುತ್ತಿದೆ, ರೋಹಿಣಿಯೋ, ಮೃಗಶಿರವೋ, ಆರಿದ್ರೆಯೋ ಎಂಬುದನ್ನು ಅಜ್ಜಿಯನ್ನು ಕೇಳಿ ಪಕ್ಕದಲ್ಲಿ ಬರೆಯಲಿ. ಅಜ್ಜಿಗೂ ಕೇಳುವವರೊಬ್ಬರು ಸಿಕ್ಕಂತಾಗುತ್ತದೆ. ಎರಡು ಮೂರು ವರ್ಷದ ಇಂಥ ಲೆಕ್ಕ ಮನೆಯಲ್ಲಿದ್ದರೆ ಬಿತ್ತನೆಯ ಕಾಲ ನಿರ್ಧರಿಸಲು ನಿಮಗೇ ಬೇಕಾಗುತ್ತದೆ.

ದೊಡ್ಡವರು ಮಾಡಬಾರದ ಕೆಲಸವೊಂದಿದೆ. ಅದನ್ನು ನಾನೇ ಮಾಡಿ ಕೆಟ್ಟಿದ್ದೇನೆ. ಮೂರು ವರ್ಷದ ಕೆಳಗೆ ನನ್ನ ಮೊಮ್ಮಗ ತನ್ನ ಜಾಗದಲ್ಲಿ ರಾಗಿಯ ಪೈರು ನಾಟಿ ಮಾಡಿದ್ದ. ಸಾಲು ಹಾವು ಹರಿದಂತೆ ಇತ್ತು. ಒಂದು ಕಡೆ ಒತ್ತು, ಒಂದು ಕಡೆ ಬಿಡಿ. ಅವನು ಶಾಲೆಗೆ ಹೋದಾಗ ನಾನು ಸುಮ್ಮನಿರಲಾರದೆ ಎಲ್ಲವನ್ನೂ ಕಿತ್ತು ದಾರ ಹಿಡಿದು ನೇರವಾಗಿ ನೆಟ್ಟೆ. ಸಂಜೆ ಬಂದವನು ನೋಡಿದ. 'ಇದು ನಿಮ್ಮದು ತಾತ' ಎಂದ. ಆ ವರ್ಷ ಮತ್ತೆ ಆ ಕಡೆಗೆ ತಲೆ ಹಾಕಲಿಲ್ಲ. ರಾಗಿ ಚೆನ್ನಾಗಿಯೇ ಬಂತು, ಆದರೆ ನನಗೆ ಬೇಕಾದುದು ರಾಗಿಯಾಗಿರಲಿಲ್ಲ. ಅವನ ಸೊಟ್ಟ ಸಾಲನ್ನು ಹಾಗೆಯೇ ಬಿಟ್ಟಿದ್ದರೆ, ಒತ್ತಾಗಿ ನೆಟ್ಟ ಕಡೆ ತೆನೆ ಸಣ್ಣದಾದುದನ್ನು ಅವನೇ ಕಂಡು ಮುಂದಿನ ವರ್ಷ ದಾರ ಕೇಳುತ್ತಿದ್ದ.

ಇಷ್ಟು ಹೇಳಿದ ಮೇಲೆ ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕು. ಆಟವೆಂದರೆ ಬೇಡವೆನಿಸಿದಾಗ ಮಗು ಎದ್ದು ಹೋಗಬಹುದು. ಎದ್ದು ಹೋಗಲು ಬಿಡದಿದ್ದರೆ ಅದು ದುಡಿಮೆ. ಬಾಲಕಾರ್ಮಿಕರನ್ನು ಕುರಿತ ೧೯೮೬ರ ಕಾಯಿದೆಗೆ ೨೦೧೬ರಲ್ಲಿ ಆದ ತಿದ್ದುಪಡಿಯಂತೆ ೧೪ ವರ್ಷದೊಳಗಿನ ಮಕ್ಕಳನ್ನು ಯಾವ ದುಡಿಮೆಗೂ ಹಚ್ಚಕೂಡದು; ಶಾಲೆಯ ಹೊತ್ತು ಕಳೆದ ಮೇಲೆ ಅಥವಾ ರಜದಲ್ಲಿ, ಅಪಾಯವಿಲ್ಲದ ಮನೆಗೆಲಸದಲ್ಲಿ ತಂದೆತಾಯಿಗೆ ನೆರವಾಗುವುದಕ್ಕೆ ಅವಕಾಶವಿದೆ. 'ಆಟವಾಡಿಸುತ್ತೇನೆ' ಎಂದು ಹೇಳಿ ಶುಂಠಿಯ ಕಳೆ ಕೀಳಿಸುವುದು ಮೋಸ. ಮಕ್ಕಳಿಗೂ ಅದು ತಿಳಿಯುತ್ತದೆ.

ಅಪಾಯದ ಮಾತು ಬಂತಲ್ಲ, ಅದನ್ನೂ ನೋಡೋಣ. ನಮ್ಮ ಕಾಲದ ಹೊಲದಲ್ಲಿ ಹಾವು ಚೇಳುಗಳ ಭಯವಿತ್ತು, ತೆರೆದ ಬಾವಿಯಿತ್ತು. ಇಂದಿನ ಹೊಲದಲ್ಲಿ ಇವಲ್ಲದೆ ಬೇರೆಯವೂ ಸೇರಿವೆ. ನೀರು ಬಾರದ ಕೊಳವೆಬಾವಿಯ ಬಾಯಿಯನ್ನು ಕಲ್ಲಿಟ್ಟೋ ಚೀಲ ತುರುಕಿಯೋ ಬಿಟ್ಟವರು ಇಂದೇ ಹೋಗಿ ಮುಚ್ಚಳವನ್ನು ಬಿಗಿ ಮಾಡಿಸಿ. ೨೦೨೪ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಮಗುವೊಂದು ಹೊಸದಾಗಿ ಕೊರೆದ ಕೊಳವೆಬಾವಿಗೆ ಬಿದ್ದು ಸುಮಾರು ಇಪ್ಪತ್ತು ಗಂಟೆಗಳ ತರುವಾಯ ಜೀವಸಹಿತ ಹೊರಗೆ ಬಂತು. ಎಲ್ಲ ಮಕ್ಕಳಿಗೂ ಆ ಅದೃಷ್ಟವಿರುವುದಿಲ್ಲ. ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿರುವುದರಿಂದ ಒಮ್ಮೆ ಜಾರಿದರೆ ಈಜು ಬಲ್ಲವನೂ ಮೇಲೆ ಹತ್ತಲಾರ. ಸುತ್ತಲೂ ಬೇಲಿ ಬೇಕು. ಜೊತೆಗೆ ಗಂಟು ಹಾಕಿದ ಹಗ್ಗವೊಂದನ್ನು ದಡದ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟಿರಬೇಕು. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಮಗುವನ್ನು ಕೂರಿಸಿಕೊಂಡು ಉಳುವುದು ಪ್ರೀತಿಯಲ್ಲ. ಒಕ್ಕಣೆ ಯಂತ್ರದ ಹತ್ತಿರವಂತೂ ಮಕ್ಕಳು ಸುಳಿಯಲೇಕೂಡದು.

ಔಷಧಿಯ ಡಬ್ಬಗಳ ವಿಷಯದಲ್ಲಿ ನಮ್ಮ ಉದಾಸೀನ ಹೇಳತೀರದು. ಬಣ್ಣಬಣ್ಣದ ಖಾಲಿ ಡಬ್ಬ ಕಂಡರೆ ಮಗು ಅದರಲ್ಲಿ ನೀರು ತುಂಬಿ ಆಡದೆ ಇರುತ್ತದೆಯೇ? ಡಬ್ಬದ ಚೀಟಿಯ ಮೇಲಿನ ಗುರುತಿನ ಅರ್ಥವನ್ನು ದೊಡ್ಡ ಮಕ್ಕಳಿಗೆ ಹೇಳಿಕೊಡಿ: ಕೆಂಪು ಎಲ್ಲಕ್ಕಿಂತ ಘೋರವಾದ ವಿಷ, ಅನಂತರ ಹಳದಿ, ನೀಲಿ, ಕಡೆಗೆ ಹಸಿರು. ಹಸಿರೆಂದರೂ ವಿಷವೇ. ಖಾಲಿ ಡಬ್ಬವನ್ನು ತೂತು ಮಾಡಿ ಯಾವ ಬಳಕೆಗೂ ಬಾರದಂತೆ ಮಾಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಅರಕಲಗೂಡಿನ ಕಡೆಯ ಹೊಗೆಸೊಪ್ಪಿನ ಬೆಳೆಗಾರರಿಗೆ ಇನ್ನೂ ಒಂದು ಮಾತು. ಮಂಜಿನಿಂದಲೋ ಮಳೆಯಿಂದಲೋ ಒದ್ದೆಯಾದ ಹಸಿ ಎಲೆಯನ್ನು ಮುಟ್ಟಿದರೆ ನಿಕೋಟಿನ್ ವಿಷ ಚರ್ಮದ ಮೂಲಕವೇ ಮೈಗೆ ಸೇರಿ ತಲೆಸುತ್ತು, ವಾಂತಿ ಉಂಟಾಗುತ್ತದೆ. ಮಕ್ಕಳ ಮೈ ಚಿಕ್ಕದಾದ್ದರಿಂದ ಕೇಡು ಹೆಚ್ಚು. ಆ ಹೊಲ ಆಟದ ಜಾಗವಲ್ಲ.

ಇವನ್ನು ಓದಿ ಹೆದರಿ ಮಗುವನ್ನು ಒಳಗೇ ಕೂರಿಸಬೇಡಿ. ಅಪಾಯ ಎಲ್ಲಿದೆಯೆಂದು ಮಗುವಿನ ಕೈಹಿಡಿದು ಒಂದು ಸಲ ಹೊಲವನ್ನೆಲ್ಲಾ ಸುತ್ತಿಸಿ ತೋರಿಸಿ. ಆಮೇಲೆ ಅದು ತನ್ನ ಜೊತೆಗಾರರಿಗೆ ತಾನೇ ಹೇಳುತ್ತದೆ. ರಜದಲ್ಲಿ ಅನುಕೂಲವಾದರೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಕಾರೇಕೆರೆಯ ಕೃಷಿ ಕಾಲೇಜಿಗೋ ಹೋಗುವಾಗ ಮಗುವನ್ನೂ ಕರೆದೊಯ್ಯಿರಿ. ಅಲ್ಲಿಯ ತಾಕುಗಳನ್ನು ಕಂಡರೆ ಬೇಸಾಯವೂ ಓದಿನ ವಿಷಯವೆಂದು ಅದಕ್ಕೆ ತಿಳಿದೀತು.

ಕಡೆಯದಾಗಿ ಒಂದು ಆಟ. ಇದನ್ನು ಮುಂಗಾರಿಗೆ ಮುಂಚೆಯೇ ಆಡಿಸಬೇಕು. ಬಿತ್ತನೆಗೆಂದು ಇಟ್ಟ ರಾಗಿಯಿಂದ ನೂರು ಕಾಳನ್ನು ಮಗು ಎಣಿಸಿ ತೆಗೆಯಲಿ. ದಪ್ಪ ಕಾಳನ್ನೇ ಆರಿಸಕೂಡದು. ಕೈಗೆ ಬಂದುದನ್ನು ತೆಗೆಯಬೇ��ು. ಒದ್ದೆ ಮಾಡಿ ಹಿಂಡಿದ ಗೋಣಿತಾಟಿನ ಮೇಲೆ ಹತ್ತು ಸಾಲು, ಸಾಲಿಗೆ ಹತ್ತರಂತೆ ಜೋಡಿಸಿ, ಸುರುಳಿ ಸುತ್ತಿ ನೆರಳಿನಲ್ಲಿಡಲಿ. ದಿನವೂ ನೀರು ಚಿಮುಕಿಸುತ್ತಾ ಎಂಟನೆಯ ದಿನ ಬಿಚ್ಚಿ, ಮೊಳೆತದ್ದೆಷ್ಟು ಎಂದು ಎಣಿಸಲಿ. ಪ್ರಮಾಣಿತ ರಾಗಿ ಬೀಜಕ್ಕೆ ನೂರಕ್ಕೆ ಕಡಿಮೆಯೆಂದರೆ ೭೫, ಮುಸುಕಿನ ಜೋಳದ ಹೈಬ್ರಿಡ್ ಬೀಜಕ್ಕೆ ೯೦ ಮೊಳೆಯಬೇಕೆಂದು ನಿಯಮವಿದೆ.

ನಮ್ಮ ಮನೆಯಲ್ಲಿ ಹೋದ ವರ್ಷ ಈ ಆಟವಾಡಿದವನು ಅದೇ ಮೊಮ್ಮಗ. ಎಂಟನೆಯ ದಿನ ತಾಟು ಬಿಚ್ಚಿ ಎಣಿಸಿದ, ಅರವತ್ತೊಂದು. ತಪ್ಪು ಎಣಿಸಿದ್ದೀಯೆ ಎಂದೆ. ಮತ್ತೆ ಎಣಿಸಿದ, ಅರವತ್ತೊಂದೇ. ನಾನು ಕನ್ನಡಕ ಹಾಕಿಕೊಂಡು ಎಣಿಸಿದೆ. ಮರುದಿನ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಬೇರೆ ಬೀಜ ತಂದೆವು. ಬೈಕಿನ ಹಿಂದೆ ಚೀಲ ಹಿಡಿದುಕೊಂಡು ಕೂತವನು ದಾರಿಯುದ್ದಕ್ಕೂ ಕೇಳುತ್ತಿದ್ದುದು ಒಂದೇ ಮಾತು: ಇದರಲ್ಲೂ ನೂರು ಕಾಳು ತೆಗೆದು ನೋಡೋಣವೇ ತಾತ, ಎಂದು.